ದಡದಲ್ಲಿ ಕಾದವನ ದೂರು

ಟ್ರಕ್ಕು ಬಂದಿದೆ ಎಂಬ ಸುದ್ದಿ ಕಿವಿಗೆ ಬಿದ್ದೊಡನೆ ಗೇಮ್ ಕಂಪನಿಯ ಆ ಮಹಡಿಯವರೆಲ್ಲ ಕಾಫಿಯ ಆಸೆಯಿಂದ ಕೆಳಗಿಳಿದರು.

ಆಸೆಗೆ ಕಾರಣವಿತ್ತು. ಪಾಂಗ್ಯೋದ ಗೇಮ್ ಕಂಪನಿಗಳ ಬೀದಿಗೆ ಆಟಗಾರರು ಟ್ರಕ್ಕು ಕಳಿಸುವುದು ಎರಡೇ ಸಂದರ್ಭಗಳಲ್ಲಿ. ಮೆಚ್ಚಿದರೆ ತಮ್ಮೊಳಗೆ ಚಂದಾ ಎತ್ತಿ ಕಾಫಿಯ ಟ್ರಕ್ಕು. ಮುನಿದರೆ ಬೆಳಕಿನ ಪರದೆ ಹೊತ್ತ ಟ್ರಕ್ಕು. 'ಚಂದ್ರನದಿ' ಎಂಬ ಆಟದ ಮೊದಲ ಪರೀಕ್ಷಾ ಸುತ್ತು ಮುಗಿದಾಗ ಬಂದದ್ದು ಕಾಫಿ. ಎರಡನೆಯ ಸುತ್ತು ಈಗಷ್ಟೇ ಆರಂಭವಾಗಿತ್ತು. ಬಂದಿರುವುದು ಈ ಸಲವೂ ಕಾಫಿಯೇ ಎಂದು ಎಲ್ಲರೂ ನಂಬಿದರು. ಒಮ್ಮೆ ದೊರೆತ ಪ್ರೀತಿಯನ್ನು ಮನುಷ್ಯ ತನ್ನ ಪಿತ್ರಾರ್ಜಿತವೆಂದೇ ಭಾವಿಸುತ್ತಾನೆ.

ಪ್ಯೋ ದಾನ್‌ಬಿ ಒಬ್ಬಳು ಮಾತ್ರ ನಂಬಿರಲಿಲ್ಲ. ಪಕ್ಕದ ಮೇಜಿನ ಮಿಯೋಕ್ ಕೈಹಿಡಿದು ಎಳೆದದ್ದಕ್ಕೆ ಬಂದಿದ್ದಳು.

"ಬಾರೇ, ಫೋಟೋ ತೆಗೆಸ್ಕೊಳ್ಳೋಣ. ನಿನ್ನ ನದಿಗೇ ತಾನೆ ಕಳ್ಸಿರೋದು!"

"ಅದೀಗ ನನ್ನ ನದಿ ಅಲ್ಲ ಮಿಯೋಕ್ ಅಕ್ಕ."

"ನದಿ ಯಾರದ್ದಾದ್ರೂ ಇರ್ಲಿ, ಕಾಫಿ ನಮ್ದು."

ತಿರುಗುಬಾಗಿಲು ಅವರನ್ನು ಚಳಿಗಾಳಿಗೆ ತಳ್ಳಿತು. ಗಿಂಕೋ ಮರಗಳ ಹಳದಿ ಎಲೆಗಳು ರಸ್ತೆಯ ಮೇಲೆ ಉರುಳುತ್ತಿದ್ದವು. ಅವುಗಳ ಆಚೆ ನಿಂತ ಟ್ರಕ್ಕಿನಲ್ಲಿ ಕಾಫಿ ಯಂತ್ರವಿರಲಿಲ್ಲ. ಇದ್ದದ್ದು ಕಪ್ಪು ಪರದೆ; ಅದರ ಮೇಲೆ ಕೆಂಡದಂತೆ ಸರಿಯುತ್ತಿದ್ದ ಅಕ್ಷರಗಳು.

'ಪ್ಯೋ ದಾನ್‌ಬಿ! ಕೊಟ್ಟ ಮಾತು ಎಲ್ಲಿ? ನದಿಯನ್ನು ಕೊಂದವರು ನೀವೇ!'

ಫೋಟೋಗೆಂದು ಎತ್ತಿದ್ದ ಮಿಯೋಕ್‌ಳ ಫೋನು ಗಾಳಿಯಲ್ಲೇ ನಿಂತಿತು. ನಗುತ್ತ ಬಂದವರೆಲ್ಲ ಏನೋ ಮರೆತುಬಂದವರಂತೆ ಒಬ್ಬೊಬ್ಬರಾಗಿ ಒಳಗೆ ಜಾರಿದರು.

ದಾನ್‌ಬಿ ಜಾರಲಿಲ್ಲ. ಅವಳ ಕಾಲುಗಳು ತಾವಾಗಿಯೇ ರಸ್ತೆ ದಾಟಿದವು.

ಇಂಥ ಟ್ರಕ್ಕಿನ ಬಳಿ ಸಾಮಾನ್ಯವಾಗಿ ಚಾಲಕನ ಹೊರತು ಯಾರೂ ಇರುವುದಿಲ್ಲ. ಸಿಟ್ಟಾದವರು ತಮ್ಮ ತಮ್ಮ ಮನೆಗಳಲ್ಲಿ ಕುಳಿತು ಫೋನಿನಲ್ಲೇ ಅದರ ಮೆರವಣಿಗೆಯನ್ನು ನೋಡುತ್ತಾರೆ. ಆದರೆ ಇಂದು ಒಬ್ಬ ಮನುಷ್ಯ ಇದ್ದ. ಮೊಣಕಾಲಿನವರೆಗಿನ ಹತ್ತಿ ತುಂಬಿದ ಕಪ್ಪು ಕೋಟು ತೊಟ್ಟು, ಎದೆಗೆ ಫಲಕವೊಂದನ್ನು ಒತ್ತಿಹಿಡಿದು, ಚಳಿಗೆ ಕೆಂಪಾದ ಕಿವಿಗಳೊಂದಿಗೆ ನಿಂತಿದ್ದ.

"ಈ ಟ್ರಕ್ಕು ನಿಮ್ದಾ?" ಎಂದಳು.

"ಆಟಗಾರರೆಲ್ಲರದು. ಅವರ ಪರವಾಗಿ ನಾನು ನಿಂತಿದ್ದೀನಿ. ನೀವು ಈ ಕಂಪನಿಯವರಾ? ಹಾಗಾದ್ರೆ ಆ ಪ್ಯೋ ದಾನ್‌ಬಿ ಅನ್ನೋರಿಗೆ ಸ್ವಲ್ಪ ಕೆಳಗೆ ಬರೋಕೆ ಹೇಳಿ. ಕಂಪನಿ ವೀಡಿಯೋಗೆ ಕ್ಯಾಮೆರಾ ಮುಂದೆ ನಗ್‌ನಗ್ತಾ ಮಾತು ಕೊಡೋಕೆ ಬರುತ್ತೆ, ಬಾಗಿಲು ದಾಟಿ ಬರೋಕೆ ಬರಲ್ವಂತಾ?"

"ಬಂದಿದ್ದಾಳೆ."

"ಎಲ್ಲಿ?"

"ನಿಮ್ಮ ಮೂಗಿನ ಕೆಳಗೇ ಇದ್ದಾಳೆ."

ಅವನು ಬಗ್ಗಿ ನೋಡಿದ. ಆ ಕಣ್ಣುಗಳಲ್ಲಿ ಸಿಟ್ಟೂ ಗಲಿಬಿಲಿಯೂ ಒಂದನ್ನೊಂದು ತಳ್ಳಾಡಿದವು.

"ವೀಡಿಯೋದಲ್ಲಿ ಕನ್ನಡಕ ಇರ್ಲಿಲ್ಲ," ಎಂದ, ಅದೂ ಒಂದು ಆರೋಪವೆಂಬಂತೆ.

"ವೀಡಿಯೋದಲ್ಲಿ ನದೀನೂ ಇತ್ತು."

"ಅದನ್ನೇ ಅಲ್ವಾ ಕೇಳ್ತಿರೋದು! 'ನಾನಿರೋವರೆಗೂ ಈ ನದೀನ ಯಾರೂ ಒಬ್ಬರೇ ದಾಟಲ್ಲ' ಅಂದವರು ನೀವು. ಈಗ ಗುಂಡಿ ಒತ್ತಿದ್ರೆ ದೋಣಿ ತಾನೇ ಓಡುತ್ತೆ. ದಡದಲ್ಲಿ ಒಂದು ನರಪಿಳ್ಳೆ ಇಲ್ಲ. ಹೇಳಿ, ನೀವು ಇದ್ದೀರಲ್ಲ ಇಲ್ಲೇ? ಮಾತೆಲ್ಲಿ ಹೋಯ್ತು?"

ದಾನ್‌ಬಿಯ ನಾಲಿಗೆಯ ತುದಿಯವರೆಗೆ ಸತ್ಯ ಬಂದಿತ್ತು. ಕಂಪನಿಯೊಳಗಿನದನ್ನು ಹೊರಗೆ ಹೇಳಬಾರದೆಂಬ ಕರಾರು ಅದನ್ನು ಹಿಂದಕ್ಕೆ ನೂಕಿತು. ಮಾತು ಕೊಟ್ಟವಳು ಅವಳು, ಮುರಿದವರು ಬೇರೆಯವರು, ಪರದೆಯ ಮೇಲೆ ಉರಿಯುತ್ತಿದ್ದ ಹೆಸರು ಅವಳದೊಂದೇ. ಅವನ ದೃಷ್ಟಿ ಅವಳ ಮುಖದ ಮೇಲೆ ಎಲ್ಲೋ ಸಿಕ್ಕಿಕೊಂಡಿತ್ತು. ಬಲಗೈ ಅರ್ಧ ಮೇಲೆದ್ದು ನಿಂತಿತ್ತು.

"ಏನ್ರೀ ಹಾಗೆ ನೋಡ್ತಿದ್ದೀರಿ?"

"ಕನ್ನಡಕ ಎಡಕ್ಕೆ ವಾಲಿದೆ." ಕೈ ಇಳಿಸಿ ಕೆಮ್ಮಿದ. "ಸುವಾನ್‌ನಲ್ಲಿ ನಂದು ಕನ್ನಡಕದ ಅಂಗಡಿ. ನೋಡ್ದೆ ಇರೋಕಾಗಲ್ಲ."

"ಊರಿಗೆಲ್ಲ ಕಾಣೋ ಹಾಗೆ ನನ್ನ ಹೆಸರಿಗೆ ಮಸಿ ಬಳಿದು, ಈಗ ಕನ್ನಡಕ ನೆಟ್ಟಗೆ ಮಾಡೋಕೆ ಬಂದ್ರಾ?"

ಅವನು ಫಲಕವನ್ನು ಗುರಾಣಿಯಂತೆ ಮೇಲಕ್ಕೆತ್ತಿದ. ಆಗ ಅದರ ಅಡಿಯಲ್ಲಿದ್ದ ಸಣ್ಣ ಅಕ್ಷರಗಳು ಅವಳ ಕಣ್ಣಿಗೆ ಬಿದ್ದವು. 'ಆಟಗಾರರ ಪರವಾಗಿ, ಒಣಮೀನು.'

ಅವಳು ಆ ಹೆಸರಿನತ್ತ ಬೆರಳು ತೋರಿಸಿದಳು.

"ಇದು... ನೀವಾ?"

"ಆಟದೊಳಗಿನ ಹೆಸರು. ನಗೋದಿದ್ರೆ ನಕ್ಕುಬಿಡಿ, ಎಲ್ಲರೂ ನಗ್ತಾರೆ."

ಅವಳು ನಗಲಿಲ್ಲ. ಬೆನ್ನು ತಿರುಗಿಸಿ ಬೇಗಬೇಗನೆ ನಡೆದುಬಿಟ್ಟಳು. ಇನ್ನೊಂದು ಗಳಿಗೆ ನಿಂತಿದ್ದರೆ ಅವನ ಫಲಕವನ್ನು ಕಿತ್ತು ಅದರಿಂದಲೇ ಅವನಿಗೆ ಬಾರಿಸುತ್ತಿದ್ದಳು. ಇಲ್ಲವೇ ಅವನ ಕೋಟಿಗೆ ಮುಖವಿಟ್ಟು ಅಳುತ್ತಿದ್ದಳು. ಎರಡರಲ್ಲಿ ಯಾವುದೆಂದು ಅವಳಿಗೇ ತಿಳಿಯಲಿಲ್ಲ.

ಚಂದ್ರನದಿಯನ್ನು ಕಲ್ಪಿಸಿದವಳು ದಾನ್‌ಬಿ. ಹಳೆಯ ರಾಜ್ಯವೊಂದರ ನಡುವೆ ಹರಿಯುವ ಆ ನದಿಗೆ ಸೇತುವೆಯಿಲ್ಲ. ದೋಣಿಗೆ ಎರಡು ಹುಟ್ಟುಗಳು, ಎದುರುಬದುರು ಇಬ್ಬರಿಗೆ ಆಸನ. ಇಬ್ಬರೂ ಲಯ ಕೂಡಿಸಿ ಹುಟ್ಟು ಹಾಕಿದರಷ್ಟೇ ಆಚೆ ದಡ. ಎಂಥ ಶೂರನಾದರೂ ಮತ್ತೊಬ್ಬನ ಕೃಪೆಯಿಲ್ಲದೆ ದಾಟಲಾರ. ಇದನ್ನು ಅವಳು ಆಟದ ನಿಯಮವೆಂದು ಮಾಡಿರಲಿಲ್ಲ, ವ್ರತದಂತೆ ಮಾಡಿದ್ದಳು.

ಮೊದಲ ಸುತ್ತಿನಲ್ಲಿ ಆಟಗಾರರ ಅನುಭವ ತಿಳಿಯಲೆಂದು ಅವಳೂ ಅವರೊಳಗೊಬ್ಬಳಾಗಿ, 'ಬಾರ್ಲಿ ಚಹಾ' ಎಂಬ ಹೆಸರಿನಿಂದ ದಡಕ್ಕೆ ಹೋಗುತ್ತಿದ್ದಳು. ನೌಕರರು ತಮ್ಮ ಗುರುತು ಹೇಳುವಂತಿರಲಿಲ್ಲ. ಅಲ್ಲಿ ಅವಳಿಗೆ ಸಿಕ್ಕಿದ್ದು ಒಣಮೀನು.

'ಒಣಮೀನು ಅವರೇ, ಎಡಕ್ಕೆ! ಎಡಕ್ಕೆ ಅಂದೆ!'

'ಎಡಕ್ಕೇ ಹಾಕ್ತಿದ್ದೀನಿ. ನಿಮ್ಮೆದುರಿಗೆ ಕೂತಿದ್ದೀನಲ್ಲ, ನಿಮ್ಮ ಎಡ ನನಗೆ ಬಲ, ಬಾರ್ಲಿ ಚಹಾ ಅವರೇ.'

'ದೋಣಿ ಮಗುಚುತ್ತೆ!'

'ಮಗುಚಬೇಡಿ ಮಹಾತಾಯಿ. ಒಣಗೋಕೆ ಒಂದಿಡೀ ಚಳಿಗಾಲ ಬೇಕಾಯ್ತು ನನಗೆ.'

ಪರದೆಯ ಮೇಲಿನ ಆ ಪುಟ್ಟ ಅಕ್ಷರಗಳನ್ನು ಓದಿ ಅವಳು ಕುರ್ಚಿಯಲ್ಲೇ ಹೊರಳಾಡಿ ನಗುತ್ತಿದ್ದಳು. ಕ್ರಮೇಣ ಮಗುಚುವುದು ನಿಂತಿತು. ಆಮೇಲೆ ಮಾತೂ ಬೇಕಾಗಲಿಲ್ಲ. ನೀರಿನ ಮೇಲೆ ಎರಡು ಹುಟ್ಟುಗಳು ಒಂದೇ ಉಸಿರಿನಂತೆ ಏಳುತ್ತಿದ್ದವು, ಬೀಳುತ್ತಿದ್ದವು. ಕೊನೆಯ ದಿನಗಳಲ್ಲಿ ಕೆಲಸ ಹೆಚ್ಚಿ ಅವಳು ತಡವಾಗಿ ಹೋಗತೊಡಗಿದಳು; ಒಂದೆರಡು ದಿನ ಹೋಗಲೇ ಇಲ್ಲ. 'ಎರಡನೇ ಸುತ್ತಲ್ಲಿ ಇದೇ ದಡ, ಇದೇ ದೋಣಿ' ಎಂದು ಅವನು ಬರೆದಿದ್ದ. ಅವಳು ಒಪ್ಪಿದ್ದಳು.

ಅಷ್ಟರಲ್ಲಿ ಆಟಗಾರರ ಅಭಿಪ್ರಾಯಗಳು ಬಂದವು. ನದಿಯನ್ನು ಹೊಗಳಿದವರು ಬಹಳ. ಆದರೆ ಜೊತೆಗಾರನಿಗಾಗಿ ಕಾಯುವುದು ಬೇಸರವೆಂದವರೂ ಬಹಳ. ಕೂ ಎಂಬ ಹೆಸರಿನ ಡೈರೆಕ್ಟರು ಹಾಗೆ ಬೇಸರಪಟ್ಟವರಲ್ಲಿ ಒಬ್ಬನ ಮಾತನ್ನು ಗೋಡೆಯ ಪರದೆಗೆ ಹಾಕಿಸಿದರು. ಯಾರ ಮಾತೆಂಬ ಹೆಸರಿರಲಿಲ್ಲ.

'ದಡದಲ್ಲಿ ಒಬ್ಬನೇ ನಿಂತು ಕಾಯುವುದು ಇನ್ನು ನನ್ನಿಂದಾಗದು. ದಯವಿಟ್ಟು ಇದಕ್ಕೆ ಏನಾದರೂ ಮಾಡಿ.'

"ನೋಡಿ," ಎಂದರು ಕೂ, "ಅಂಗಲಾಚ್ತಿದ್ದಾನೆ ಪಾಪ. ಕಾಯೋದನ್ನೇ ತೆಗೆದುಬಿಡೋಣ. ದೋಣಿ ತಾನಾಗೇ ಓಡ್ಲಿ."

"ಸರ್, ಇವರು ಕಾಯೋದು ಕಷ್ಟ ಅಂದ್ರೇ ಹೊರತು ಜೊತೆ ಬೇಡ ಅನ್ಲಿಲ್ಲ," ಎಂದಳು ದಾನ್‌ಬಿ. "ಜೊತೆ ಬೇಗ ಸಿಗೋ ಹಾಗೆ ಮಾಡೋಣ. ಹಸಿವು ಅಂದವನಿಗೆ ಅನ್ನ ಕೊಡೋದು ಬಿಟ್ಟು ಹೊಟ್ಟೆ ಕತ್ತರಿಸ್ತೀರಾ?"

ಹಿರಿಯರೆದುರು ಹಾಗೆ ದನಿಯೆತ್ತುವುದು ಆ ಕಚೇರಿಯ ರೂಢಿಯಲ್ಲ. ಮರುದಿನವೇ ನದಿ ಅವಳ ಕೈತಪ್ಪಿತು. ಆಟದೊಳಗಿನ ಅಂಗಡಿಬೀದಿಯ ದೀಪಗಳಿಗೆ ಬಣ್ಣ ಆರಿಸುವ ಕೆಲಸ ಬಂತು. ಬಾರ್ಲಿ ಚಹಾದ ಖಾತೆಯನ್ನೂ ಮುಚ್ಚಿದರು. ಅವನಿಗೊಂದು ಮಾತು ಹೇಳಿ ಹೊರಡುವ ದಾರಿಯೂ ಉಳಿಯಲಿಲ್ಲ.

ಟ್ರಕ್ಕಿನ ಚಿತ್ರ ಸುದ್ದಿಯಾದ ಸಂಜೆಯೇ ಕೂ ಅವಳನ್ನು ಕರೆಸಿದರು. ಅವರ ಮೇಜಿನ ಮೇಲೆ ಐಸ್ ಹಾಕಿದ ಕಪ್ಪು ಕಾಫಿಯ ಲೋಟ ಬೆವರುತ್ತಿತ್ತು.

"ಶನಿವಾರ ಆಟಗಾರರ ಜೊತೆ ಬಹಿರಂಗ ಸಭೆ. ನೇರಪ್ರಸಾರ. ನೀವೂ ವೇದಿಕೆ ಮೇಲೆ ಕೂರಬೇಕು."

"ಕೂತು?"

"ಮಾತು ಕೊಟ್ಟವರು ನೀವು. 'ನದಿ ಬದಲಾಯಿಸಿದ್ದೂ ನನ್ನ ತೀರ್ಮಾನವೇ' ಅಂತ ನೀವೇ ಹೇಳಿ, ತಲೆ ಬಾಗಿಸಿ. ಒಬ್ಬರು ಬಾಗಿದ್ರೆ ಜನ ತಣ್ಣಗಾಗ್ತಾರೆ."

"ನಂದಲ್ಲದ ತೀರ್ಮಾನ, ಸರ್."

"ಪೂರ್ತಿ ಕೇಳಿ. ಹಾಗೆ ಹೇಳಿದ್ರೆ ಮುಂದಿನ ಸುತ್ತಿಗೆ ಎರಡು ಹುಟ್ಟಿನ ದೋಣಿ ವಾಪಸ್. ನದಿ ನಿಮ್ಮ ಕೈಗೇ. ಇಲ್ಲಾಂದ್ರೆ ಆ ದೀಪಗಳು ಇದ್ದೇ ಇವೆಯಲ್ಲ."

ಇದಕ್ಕಿಂತ ಕ್ರೂರವಾದ ಔದಾರ್ಯವನ್ನು ಅವಳು ಕಂಡಿರಲಿಲ್ಲ. ಹೆಸರನ್ನು ಒಪ್ಪಿಸಿದರೆ ನದಿ, ಉಳಿಸಿಕೊಂಡರೆ ನದಿಯಿಲ್ಲ. ಮನೆಗೆ ಹೋಗುವ ಬಸ್ಸಿನಲ್ಲಿ ಎರಡನ್ನೂ ತೂಗಿದಳು. ಹೆಸರೇನು, ನಾಲ್ಕು ದಿನ ಬೈದು ಜನ ಮರೆಯುತ್ತಾರೆ ಎಂದುಕೊಂಡಳು. ಆದರೆ ಒಬ್ಬನು ಮರೆಯುವುದಿಲ್ಲ. ಕೊಟ್ಟ ಮಾತನ್ನು ಮುರಿದವಳೆಂದೇ ಅವನು ತನ್ನನ್ನು ಎಂದೆಂದಿಗೂ ನೆನೆಯುತ್ತಾನೆ. ಆ ಒಬ್ಬನ ಅಭಿಪ್ರಾಯ ತನಗೆ ಇಷ್ಟು ಮುಖ್ಯವಾದದ್ದಕ್ಕೆ ಅವನ ಮೇಲೆಯೇ ಸಿಟ್ಟು ಉಕ್ಕಿತು. ಯಾರಾತ? ಕೆಂಪು ಕಿವಿಯ, ಕನ್ನಡಕ ಮಾರುವ, ಬಾಯಿಬಡುಕ!

ಶನಿವಾರ ಸಭಾಂಗಣ ತುಂಬಿತ್ತು. ಉದ್ದ ಮೇಜಿನ ಈಚೆ ಕಂಪನಿಯವರು, ಆಚೆ ಆಟಗಾರರ ಪ್ರತಿನಿಧಿಗಳು. ಅವಳಿಗೆ ನೇರ ಎದುರಿಗೆ ಅವನು. ಮುಂದಿದ್ದ ಫಲಕದಲ್ಲಿ 'ದೋ ಇನ್‌ಗ್ಯು' ಎಂದಿತ್ತು. ಅಂದು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ. ನೀರಿನ ಬಾಟಲಿಯ ಮುಚ್ಚಳವನ್ನು ತೆಗೆಯುತ್ತ ಹಾಕುತ್ತ ಇದ್ದ. ಅವಳು ನೋಡಿದಾಗ ಅವನು ಮುಚ್ಚಳವನ್ನು ನೋಡಿದ. ಅವಳು ತಲೆ ತಗ್ಗಿಸಿದಾಗ ಅವಳನ್ನು ನೋಡಿದ. ಒಮ್ಮೆ ಮಾತ್ರ ಎರಡು ನೋಟಗಳೂ ಹಾದಿಯಲ್ಲಿ ಡಿಕ್ಕಿಹೊಡೆದವು. ಇಬ್ಬರೂ ಹುಬ್ಬು ಗಂಟಿಕ್ಕಿದರು. ಇಬ್ಬರ ಕಿವಿಗಳೂ ಕೆಂಪಾದವು.

ಕೂ ಮೊದಲು ಮಾತನಾಡಿದರು. "ನಾವು ಆಟಗಾರರ ಮಾತು ಕೇಳಲ್ಲ ಅನ್ನೋದು ಸುಳ್ಳು. ಕೇಳಿದ್ದಕ್ಕೇ ಹೀಗಾಯ್ತು. ಇಗೋ ನೋಡಿ, ನಿಮ್ಮಲ್ಲೇ ಒಬ್ಬರು ಬರೆದದ್ದು."

ಅದೇ ಸಾಲುಗಳು ಪರದೆಗೆ ಬಂದವು. ದಡದಲ್ಲಿ ಒಬ್ಬನೇ ನಿಂತು ಕಾಯುವುದು ಇನ್ನು ನನ್ನಿಂದಾಗದು.

ಇನ್‌ಗ್ಯುವಿನ ಕೈಯಿಂದ ಮುಚ್ಚಳ ಜಾರಿ ಮೇಜಿನ ಮೇಲೆ ಉರುಳಿತು. ಅವನು ಎದ್ದು ನಿಂತ. ಮುಖ ಬಿಳಿಚಿಕೊಂಡಿತ್ತು.

"ಅದನ್ನ ಬರೆದವನು ನಾನು."

"ಒಳ್ಳೇದಾಯ್ತು," ಎಂದು ಕೂ ಮುಗುಳ್ನಕ್ಕರು. "ಹಾಗಾದ್ರೆ ನಿಮ್ಮ ದೂರನ್ನ ಸರಿ ಮಾಡಿದ್ದಕ್ಕೆ ನೀವೇ ಟ್ರಕ್ಕು ತಂದ್ರಾ?"

ಸಭೆಯಲ್ಲಿ ನಗೆಯೆದ್ದಿತು. ಇನ್‌ಗ್ಯು ಮೈಕನ್ನು ಎರಡೂ ಕೈಗಳಿಂದ ಹಿಡಿದ.

"ಅದು ದೂರಲ್ಲ! ನಾನು... ನಾನು ಒಬ್ಬರಿಗೋಸ್ಕರ ಕಾಯ್ತಿದ್ದೆ. ದಿನಾ ಬರೋರು ತಡ ಮಾಡೋಕೆ ಶುರು ಮಾಡಿದ್ರು, ಒಂದೆರಡು ದಿನ ಬರ್ಲೇ ಇಲ್ಲ. ದಡದಲ್ಲಿ ಬೇರೆ ಬೇರೆಯವರು ನೂರು ಜನ ಇದ್ರು, 'ಬಾರಯ್ಯಾ ದಾಟೋಣ' ಅಂತಿದ್ರು. ನಾನು ಹೋಗ್ಲಿಲ್ಲ. ಅವರೇ ಬೇಕಿತ್ತು ನನಗೆ. ಆಗದು ಅಂತ ಬರೆದದ್ದು ಅದಕ್ಕೆ. ಅವರನ್ನ ಹುಡುಕಿಕೊಡಿ ಅಂತ ಕೇಳ್ದೆ ಕಣ್ರೀ, ದೋಣಿ ಒಡೆದುಹಾಕಿ ಅಂತ ಕೇಳ್ಲಿಲ್ಲ!"

"ಯಾರವರು?" ಹಿಂದಿನ ಸಾಲಿನಿಂದ ಯಾರೋ ಕೂಗಿದರು.

"ಬಾರ್ಲಿ ಚಹಾ," ಎಂದ. ನಗೆ ಮತ್ತೆ ಎದ್ದಿತು. ಅವನ ಮುಖ ಕಂಡು ಅಷ್ಟೇ ಬೇಗ ಆರಿತು. "ನನ್ನ ಬಾಯಿಂದಲೇ ನದಿ ಹೋಯ್ತು ಅಂತ ಇವತ್ತು ಗೊತ್ತಾಯ್ತು. ಆದ್ರೆ ನಿಮ್ಮಲ್ಲಿ ಒಬ್ಬರಿಗೂ ಅನ್ನಿಸ್ಲಿಲ್ವಾ, ಈ ಮನುಷ್ಯ ಏನು ಹೇಳ್ತಿದ್ದಾನೆ ಅಂತ?"

ದಾನ್‌ಬಿ ಪರದೆಯ ಮೇಲಿನ ಸಾಲುಗಳನ್ನು ಮತ್ತೆ ಓದಿದಳು. ಯಾವ ಸಾಲುಗಳಿಂದ ತನ್ನ ನದಿ ಸತ್ತಿತೆಂದು ಅವಳು ಆ ಸಾಲುಗಳನ್ನು ಶಪಿಸಿದ್ದಳೋ, ಅವು ಹೊರಟಿದ್ದು ತನ್ನ ಕಡೆಗೇ. ದಾರಿಯಲ್ಲಿ ಅಡ್ಡ ಸಿಕ್ಕವರು ಒಡೆದು ಓದಿದ್ದರು, ತಪ್ಪಾಗಿ ಓದಿದ್ದರು. ಪಕ್ಕದಿಂದ ಕೂ ಮೆಲ್ಲಗೆ, "ಈಗ. ಹೇಳಿ," ಎಂದರು.

ಅವಳು ಮೈಕು ಹತ್ತಿರಕ್ಕೆಳೆದಳು.

"ಒಬ್ಬರಿಗೆ ಅನ್ನಿಸಿತ್ತು. ನನಗೆ. ಜೊತೆ ತೆಗೀಬೇಡಿ ಅಂತ ಜಗಳ ಆಡ್ದೆ. ಅದಕ್ಕೆ ನನ್ನನ್ನ ನದಿಯಿಂದ ತೆಗೆದ್ರು. ಆ ತೀರ್ಮಾನ ನಂದಲ್ಲ ಅಂತ ಹೇಳೋಕೆ ನನಗೆ ಅನುಮತಿ ಇಲ್ಲ, ಆದ್ರೂ ಹೇಳ್ತಿದ್ದೀನಿ. ನನ್ನ ತಪ್ಪು ಒಂದೇ. ಉಳಿಸ್ಕೊಳ್ಳೋ ಅಧಿಕಾರ ಇಲ್ಲದ ಮಾತನ್ನ ನಿಮಗೆ ಕೊಟ್ಟೆ. ಅದಕ್ಕೆ ಬಾಗ್ತೀನಿ. ಇನ್ಯಾವುದಕ್ಕೂ ಬಾಗಲ್ಲ."

ಎದ್ದು, ಸೊಂಟದವರೆಗೆ ಬಾಗಿ, ನೆಟ್ಟಗಾದಳು.

"ಮತ್ತೆ, ದೋ ಇನ್‌ಗ್ಯು ಅವರೇ. ಆಗ ಕೆಲಸದಿಂದ ತಡವಾಯ್ತು. ಆಮೇಲೆ ನಾನಾಗಿ ಬರೋದು ನಿಲ್ಲಿಸ್ಲಿಲ್ಲ. ಖಾತೆ ಮುಚ್ಚಿದ್ರು. ಬಾರ್ಲಿ ಚಹಾ ನಾನೇ."

ಅನಂತರ ಸಭೆಯಲ್ಲಿ ಎದ್ದ ಗದ್ದಲದಲ್ಲಿ ಯಾರು ಏನೆಂದರೆಂದು ಕೇಳಲು ಅವಳು ಉಳಿಯಲಿಲ್ಲ. ಹಿಂಬಾಗಿಲಿನಿಂದ ಹೊರಬಿದ್ದು ತಾನ್‌ಚೊನ್ ಹೊಳೆಯ ಪಕ್ಕದ ಕಾಲುದಾರಿ ಹಿಡಿದಳು. ಒಣಗಿದ ಜೊಂಡು ಮಧ್ಯಾಹ್ನದ ಬಿಸಿಲಿಗೆ ಬೆಳ್ಳಿಯಂತೆ ಹೊಳೆಯುತ್ತಿತ್ತು. ಫೋನಿನಲ್ಲಿ ಮಿಯೋಕ್‌ಳ ಸಂದೇಶ ಬಂತು: 'ಜನ ಬಿಡ್ಲಿಲ್ಲ. ಎರಡು ಹುಟ್ಟಿನ ದೋಣಿ ವಾಪಸ್ ಅಂತ ಡೈರೆಕ್ಟರು ನೇರಪ್ರಸಾರದಲ್ಲೇ ಒಪ್ಕೊಂಡ್ರು. ಆದ್ರೆ ಕೆಲಸ ನಿನಗಲ್ಲ, ನನಗೆ. ಸೋಮವಾರ ನಿನ್ನನ್ನ ಅವರ ರೂಮಿಗೆ ಬರೋಕೆ ಹೇಳಿದ್ದಾರೆ. ಬೈಕೋಬೇಡ ಕಣೇ.'

ಬೈದುಕೊಳ್ಳಲಿಲ್ಲ. ನದಿ ಬದುಕಿತು, ತನ್ನ ಕೈಯಲ್ಲಲ್ಲ. ನೋವಾಯಿತು. ಆದರೂ ಎಷ್ಟೋ ದಿನಗಳ ಮೇಲೆ ಪೂರ್ತಿ ಉಸಿರೆಳೆದುಕೊಂಡಳು.

"ನಿಲ್ಲಿ! ಸ್ವಲ್ಪ ನಿಲ್ಲಿ!"

ಇನ್‌ಗ್ಯು ಓಡಿಬರುತ್ತಿದ್ದ. ಕೋಟು ಮರೆತು ಬಂದಿದ್ದ.

"ಯಾಕೆ? ಇನ್ನೊಂದು ಟ್ರಕ್ಕು ತರ್ತೀರಾ?"

ಅವನು ಏದುಸಿರು ಬಿಡುತ್ತಲೇ ಕ್ಷಮೆ ಕೇಳುವಂತೆ ಸೊಂಟ ಬಗ್ಗಿಸಿದ.

"ತಲೆ ಎತ್ರೀ. ಬಾಗೋದನ್ನ ನೋಡಿ ನೋಡಿ ಸಾಕಾಗಿದೆ ಇವತ್ತು."

"ಆವತ್ತು ಟ್ರಕ್ಕಿನ ಹತ್ರ ಯಾಕೆ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ನೀವು ಬೈತಿರೋಳೂ ನೀವು ಕಾಯ್ತಿರೋಳೂ ಒಬ್ಬಳೇ ಅಂತಾನಾ? ನನ್ನ ಹೆಸರು, ಇನ್‌ಗ್ಯು ಅವರೇ! ಅಷ್ಟು ದೊಡ್ಡ ಅಕ್ಷರದಲ್ಲಿ! ಒಂದು ಸಲ ಕೇಳಿದ್ರೆ ಏನಾಗ್ತಿತ್ತು, 'ಯಾಕಮ್ಮಾ ಹೀಗೆ ಮಾಡಿದೆ' ಅಂತ?"

"ಕೇಳಬೇಕಿತ್ತು." ಅವನ ದನಿ ಇಳಿಯಿತು. "ಪ್ಯೋ ದಾನ್‌ಬಿ ಮೇಲೆ ಒಂದು ಕೋಪ ಇತ್ತು, ಬಾರ್ಲಿ ಚಹಾ ಮೇಲೆ ಇನ್ನೊಂದು. ಈಗ ಇಬ್ಬರೂ ಒಬ್ಬರೇ. ಎರಡನ್ನೂ ಎಲ್ಲಿಡಬೇಕೋ ಗೊತ್ತಾಗ್ತಿಲ್ಲ."

"ಇಲ್ಲಿ ಕೊಡಿ. ನನಗೆ ಇರೋದು ಸಾಲ್ತಿಲ್ಲ."

ಅವನಿಗೆ ನಗು ಬಂತು. ಅವಳ ಮುಖ ನೋಡಿ ನುಂಗಿದ. ಗಾಳಿಗೆ ಜೊಂಡು ಬಾಗಿ ಎದ್ದಿತು. ಅವನ ಕಣ್ಣುಗಳು ಈ ಸಲ ಎಲ್ಲಿಗೂ ಓಡಿಹೋಗದೆ ಅವಳ ಕಣ್ಣುಗಳಲ್ಲೇ ನಿಂತವು.

"ನೀವು ಅಂದ್ರೆ ನನಗೆ ಇಷ್ಟ," ಎಂದ. "ಮುಖ ನೋಡೋಕೂ ಮುಂಚೆಯಿಂದ. ಕಂಪನಿ ಕಳ್ಸಿದ್ದ ಪ್ರಶ್ನೆಗಳಲ್ಲಿ ಅದನ್ನ ಬರೆಯೋಕೆ ಜಾಗ ಇರ್ಲಿಲ್ಲ. ಇದ್ದದ್ದು 'ನಿಮಗಾದ ತೊಂದರೆಗಳು' ಅಂತ ಒಂದೇ. ಅಲ್ಲೇ ಬರೆದೆ."

ದಾನ್‌ಬಿ ಬಾಯಿ ತೆರೆದಳು. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಊರು ಚೊನಾನ್‌ನಿಂದ ತಾಯಿ. ಕಿವಿಗಿಡುವ ಮುಂಚೆಯೇ ಆ ದನಿ ಹೊಳೆಯ ಆಚೆಗೂ ಕೇಳುವಂತಿತ್ತು.

"ನಿಮ್ಮ ಸಭೆ ಟೀವಿ ಥರ ಬರ್ತಿತ್ತಲ್ಲೇ, ಪೂರ್ತಿ ನೋಡ್ದೆ! ನನ್ನ ಮಗಳ ಹೆಸರು ಬೀದೀಲಿ ಹಾಕಿದ ಆ ಉದ್ದನೆಯವನು ಎಲ್ಲಿ? ಕೊಡು ಫೋನ್!"

"ಅಮ್ಮಾ, ಅವರು ಇಲ್ಲಿ..."

ಇನ್‌ಗ್ಯು ಕೈಚಾಚಿ ಫೋನನ್ನು ಎರಡೂ ಕೈಗಳಲ್ಲಿ ತೆಗೆದುಕೊಂಡ. ಕಾಣದ ಆ ತಾಯಿಗೆ ಬಾಗಿ ನಮಸ್ಕರಿಸಿಯೇ ಮಾತಾಡಿದ.

"ಅಮ್ಮಾ, ಬರೆಸಿದವನು ನಾನೇ. ನಿಮ್ಮ ಮಗಳು ಮಾತು ಮುರಿಯೋರಲ್ಲ. ವಿಚಾರಿಸದೆ ಬರೆಸಿದ್ದು ನನ್ನ ತಪ್ಪು. ನಾಳೆ ಅದೇ ಬೀದೀಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ ಹಾಗಂತ ಹಾಕಿಸ್ತೀನಿ."

ತಾಯಿಯ ದನಿ ಕೊಂಚ ತಗ್ಗಿತು.

"ಏನೂ ಬೇಡ. ನಿನ್ನನ್ನ ಬೈಯೋದು ಬಹಳ ಇದೆ, ಫೋನಲ್ಲಿ ಮುಗಿಯಲ್ಲ. ನಾಳೆ ಮನೆಗೆ ಬಾ. ಎದುರಿಗೆ ಕೂರಿಸ್ಕೊಂಡು ಬೈಬೇಕು."

"ಬರ್ತೀನಿ ಅಮ್ಮಾ."

"ಅಯ್ಯೋ, ಏನು ಒಪ್ಕೊಂಡೆ ನೀನು! ಅಮ್ಮನ ಬೈಗುಳ ನಿನಗೇನು ಗೊತ್ತು!" ದಾನ್‌ಬಿ ಫೋನನ್ನು ಕಿತ್ತುಕೊಂಡಳು. ತಾಯಿ ಅಷ್ಟರಲ್ಲೇ ಇಟ್ಟುಬಿಟ್ಟಿದ್ದಳು. 'ನೀನು' ಎಂದುಬಿಟ್ಟದ್ದು ಆಮೇಲೆ ಅರಿವಿಗೆ ಬಂತು. ಸರಿಪಡಿಸಲು ಹೋಗಲಿಲ್ಲ.

"ಕೋಪ ಹೋಯ್ತಾ?" ಎಂದು ಅವನು ಮೆಲ್ಲಗೆ ಕೇಳಿದ.

"ಇಲ್ಲ. ಚೊನಾನ್ ತಲುಪೋವರೆಗೂ ಬೈತೀನಿ. ಆಮೇಲೆ ಅಮ್ಮ ಶುರು ಮಾಡ್ತಾರೆ."

"ಸರಿ. ಬಸ್ಸಲ್ಲಿ ಕಿಟಕಿ ಪಕ್ಕದ ಸೀಟು ನಿನಗೆ."

ಅವಳು ಚಳಿಗೆ ನಡುಗುತ್ತಿದ್ದ ಅವನ ತೋಳನ್ನು ಸಿಟ್ಟಿನಿಂದಲೇ ಹಿಡಿದು, ಮರೆತ ಕೋಟಿದ್ದ ಸಭಾಂಗಣದ ಕಡೆಗೆ ಎಳೆದುಕೊಂಡು ನಡೆದಳು. ಕೋಟು ಸಿಕ್ಕಿದ ಮೇಲೂ ಕೈಬಿಡಲಿಲ್ಲ.